ಸರ್ ಸಿ. ವಿ. ರಾಮನ್ ಮತ್ತು ಮೃದಂಗದ ನಾದ

ಭಾರತರತ್ನ ಸರ್ ಚಂದ್ರಶೇಖರ ವೆಂಕಟ ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಾದಲ್ಲಿ ಸೇವೆಗೆ ಸೇರಿದ ಅವರು, ಕಚೇರಿ ವೇಳೆಗೆ ಮೊದಲು ಹಾಗೂ ನಂತರ ವಾದ್ಯಗಳ ನಾದವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. 1917ರಲ್ಲಿ ಅಧಿಕ ವೇತನದ ಸರ್ಕಾರಿ ಹುದ್ದೆಯನ್ನು ತ್ಯಜಿಸಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಸಮನಾದ ದಪ್ಪದ ಚರ್ಮವನ್ನು ಬಿಗಿದ ವಾದ್ಯದಲ್ಲಿ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಆದುದರಿಂದ ಶ್ರುತಿ ಸ್ಪಷ್ಟವಾಗಿರುವುದಿಲ್ಲ. ಮೃದಂಗ ಮತ್ತು ತಬಲಾಗಳು ಇದಕ್ಕೆ ಅಪವಾದವೆಂದು ರಾಮನ್ ಅವರು ಸಹಸಂಶೋಧಕರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚರ್ಮದ ಮೇಲಿನ ಕಪ್ಪು ಲೇಪದ ಭಾರವು ಉಪಸ್ವರಗಳನ್ನು ಶ್ರುತಿಬದ್ಧಗೊಳಿಸುತ್ತದೆ.

1930ರಲ್ಲಿ ಬೆಳಕಿನ ಚದುರುವಿಕೆಯ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಪಡೆದ ಬಳಿಕವೂ ಅವರು ಈ ವಿಷಯವನ್ನು ಕೈಬಿಡಲಿಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಮರುವರ್ಷ ಪ್ರಕಟಿಸಿದ ಲೇಖನದಲ್ಲಿ, ವಾದ್ಯದ ಚರ್ಮದ ಮೇಲೆ ಮರಳು ಉದುರಿಸಿ ಕಂಪನಗಳ ವಿನ್ಯಾಸಗಳನ್ನು ತೋರಿಸಿ, ಒಂಬತ್ತು ಬಗೆಯ ಕಂಪನಗಳು ಐದು ಶ್ರುತಿಬದ್ಧ ಸ್ವರಗಳಾಗಿ ಒಂದುಗೂಡುವುದನ್ನು ವಿವರಿಸಿದರು. ವಾದ್ಯ ತಯಾರಿಸುವ ಕುಶಲಕರ್ಮಿಗಳು ಪರಂಪರೆಯಿಂದ ಸಾಧಿಸಿದ್ದ ಜ್ಞಾನಕ್ಕೆ ಇದರಿಂದ ವಿಜ್ಞಾನದ ಮನ್ನಣೆ ದೊರೆಯಿತು.

ರಾಮನ್ ಅವರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು.