ಎತ್ತಿಗೆ ಜ್ವರ, ಎಮ್ಮೆಗೆ ಬರೆ: ದೇವನಹಳ್ಳಿಯ ಸುಲ್ತಾನ ಮತ್ತು ಕರಾವಳಿಯ ಸೆರೆ

ದೇವನಹಳ್ಳಿಗೆ ಇಂದು ವಿಮಾನ ನಿಲ್ದಾಣದಿಂದ ಹೆಸರು. ಅದಕ್ಕೂ ಬಹಳ ಮೊದಲು ಆ ಊರಿಗೆ ಹೆಸರು ಬಂದದ್ದು ಕೋಟೆಯಿಂದ. 1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡ ಕಟ್ಟಿಸಿದ ಈ ಕೋಟೆ 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯನ ವಶವಾಯಿತು. ಆ ಮುತ್ತಿಗೆಯಲ್ಲಿ ಶೌರ್ಯ ಮೆರೆದು ದಳವಾಯಿಯ ಕಣ್ಣಿಗೆ ಬಿದ್ದ ಸೈನಿಕನೇ ಹೈದರ್ ಅಲಿ. ಮರುವರ್ಷ, 1750ರ ನವೆಂಬರ್ 20ರಂದು, ಅವನ ಪತ್ನಿ ಫಾತಿಮಾ ಫಕ್ರುನ್ನೀಸಾ ಇಲ್ಲಿಯೇ ಗಂಡುಮಗುವಿಗೆ ಜನ್ಮವಿತ್ತಳೆಂಬುದು ರೂಢಿಯ ಎಣಿಕೆ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ಹೆಸರನ್ನೇ ಮಗುವಿಗೆ ಇಡಲಾಯಿತು. ಕೋಟೆಯ ಸಮೀಪ ಕಂಬಗಳ ಪುಟ್ಟ ಮಂಟಪವೊಂದು ಆ ಜನ್ಮಸ್ಥಳವನ್ನು ಇಂದಿಗೂ ಗುರುತಿಸುತ್ತದೆ.

ಟಿಪ್ಪು ಸುಲ್ತಾನನ ಬದುಕನ್ನು ಹೇಳುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಬ್ಬರಿಗೆ ಅವನು ಹುತಾತ್ಮ, ಇನ್ನೊಬ್ಬರಿಗೆ ಮತಾಂಧ. ಈ ಎರಡು ಚಿತ್ರಗಳ ನಡುವೆ 1784ರ ಕರಾವಳಿಯ ಘಟನೆಯೊಂದು ಸರಿಯಾದ ವಿವೇಚನೆಗೆ ಒಳಗಾಗದೆ ಉಳಿದಿದೆ. ಕೆಲವರ ಮೇಲಿನ ಅನುಮಾನಕ್ಕಾಗಿ ಇಡೀ ಸಮುದಾಯವನ್ನು ದಂಡಿಸಿದ ಘಟನೆಯದು.

ರಣರಂಗದಿಂದ ಸಿಂಹಾಸನಕ್ಕೆ

ಹದಿಹರೆಯದಲ್ಲಿಯೇ ಟಿಪ್ಪು ತಂದೆಯೊಡನೆ ರಣರಂಗವನ್ನು ಕಂಡನು. ಮೊದಲ ಆಂಗ್ಲೋ ಮೈಸೂರು ಯುದ್ಧದಲ್ಲಿ (1767-69) ಮದರಾಸಿನ ಹೊರವಲಯದವರೆಗೂ ದಾಳಿ ನಡೆಸಿದನು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತು ಶರಣಾಗುವಲ್ಲಿ ಅವನ ಪಾತ್ರ ದೊಡ್ಡದು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ಮಲಬಾರಿನ ಕಡೆ ಯುದ್ಧನಿರತನಾಗಿದ್ದನು. ಹೀಗೆ ಯುದ್ಧದ ನಡುವೆಯೇ ರಾಜ್ಯ ಅವನ ಕೈಗೆ ಬಂತು.

ಆ ಸಂಧಿಕಾಲವನ್ನು ಇಂಗ್ಲಿಷರು ಬಳಸಿಕೊಂಡರು. ಜನರಲ್ ಮ್ಯಾಥ್ಯೂಸ್ ಕರಾವಳಿಯಲ್ಲಿ ಇಳಿದು ಘಟ್ಟವನ್ನೇರಿ 1783ರ ಆರಂಭದಲ್ಲಿ ಬಿದನೂರನ್ನು ಹಿಡಿದನು. ಬಿದನೂರು ಕಾದಾಟವಿಲ್ಲದೆ ಕೈತಪ್ಪಿತು. ಅದನ್ನು ಒಪ್ಪಿಸಿದವನು ಹೈದರನ ಅಚ್ಚುಮೆಚ್ಚಿನವನಾಗಿದ್ದ ಅಧಿಕಾರಿ ಶೇಖ್ ಅಯಾಜ್. ಮಾರ್ಚಿನಲ್ಲಿ ಮಂಗಳೂರೂ ಇಂಗ್ಲಿಷರ ಪಾಲಾಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮಂಗಳೂರಿಗೆ ಮುತ್ತಿಗೆ ಹಾಕಿದನು. ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ನಂತರ 1784ರ ಜನವರಿಯಲ್ಲಿ ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ತಪಸ್ಸುಕಾಲದ ಸೆರೆ

ಈ ಎರಡು ದಿನಗಳ ನಡುವೆ, ಫೆಬ್ರವರಿಯಲ್ಲಿ, ಕ್ರೈಸ್ತರ ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ, ಕೆನರಾ ಸೀಮೆಯ ಕೊಂಕಣಿ ಕ್ರೈಸ್ತರನ್ನು ಒಂದೇ ಸಮಯದಲ್ಲಿ ಬಂಧಿಸಲು ಆಜ್ಞೆಯಾಯಿತು. ಇಂಗ್ಲಿಷರಿಗೆ ಹಣ, ಧಾನ್ಯ ಹಾಗೂ ಸುದ್ದಿ ಒದಗಿಸಿದರೆಂಬುದು ಅವರ ಮೇಲಿದ್ದ ಆರೋಪ. ಕೆಲವರು ನೆರವಾಗಿದ್ದಿರಬಹುದು. ಆದರೆ ವಿಚಾರಣೆ ನಡೆಯಲಿಲ್ಲ. ಉಳುವವನು, ಬಾಣಂತಿ, ಮುದುಕ, ಹಸುಗೂಸು ಎಂಬ ಭೇದವೂ ಇರಲಿಲ್ಲ. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಲೆಕ್ಕಗಳು 30 ಸಾವಿರದಿಂದ 80 ಸಾವಿರದವರೆಗೆ ಹೇಳುತ್ತವೆ. ಸುಲ್ತಾನನದೇ ಬರಹವೆಂದು ತಿಳಿಯಲಾದ ವೃತ್ತಾಂತದಲ್ಲಿ 60 ಸಾವಿರದ ಲೆಕ್ಕವಿದೆ.

ಅವರನ್ನು ಘಟ್ಟದ ಕಾಡುದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲಿಯೇ ಅನೇಕರು ಸತ್ತರು. ತಲುಪಿದವರಲ್ಲಿ ಯುವಕರನ್ನು ಸೈನ್ಯಕ್ಕೆ ಸೇರಿಸಿ ಮತಾಂತರಿಸಲಾಯಿತು. ಅವರ ಹೊಲಗದ್ದೆಗಳು ಪರರ ಪಾಲಾದವು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಸೀಮೆಯ ಚರ್ಚುಗಳು ನೆಲಸಮವಾದವು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಚರ್ಚು ಮಾತ್ರ ಉಳಿಯಿತು. ಅದನ್ನು ಉಳಿಸಿದ್ದು ಮೂಡುಬಿದಿರೆಯ ಚೌಟ ಅರಸನ ಮಧ್ಯಸ್ಥಿಕೆ. ನೆರೆಯವರ ದೇಗುಲಕ್ಕಾಗಿ ಜೈನ ಅರಸನೊಬ್ಬ ದನಿಯೆತ್ತಿದ ಈ ಸಂಗತಿ ಸ್ಮರಣಾರ್ಹ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಬಿದನೂರನ್ನು ಒಪ್ಪಿಸಿದ ಅಯಾಜನ ದ್ರೋಹ ಅಯಾಜನೊಬ್ಬನದೇ ಆಗಿ ಉಳಿಯಿತು. ಅದಕ್ಕಾಗಿ ಅವನ ಮತದವರೆಲ್ಲರನ್ನೂ ಯಾರೂ ದೂಷಿಸಲಿಲ್ಲ. ಸುಲ್ತಾನನ ಸೈನ್ಯದಲ್ಲಿದ್ದ ಫ್ರೆಂಚರೂ ಕ್ರೈಸ್ತರೇ ಆಗಿದ್ದರು. ಮುಂದೆ 1791ರಲ್ಲಿ ಮರಾಠ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ಹಣ, ಧಾನ್ಯ ಕಳುಹಿಸಿ ಶಾರದೆಯ ಮರುಪ್ರತಿಷ್ಠೆಗೆ ನೆರವಾದವನೂ ಇದೇ ಟಿಪ್ಪು. ಅವನ ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ದಿವಾನ್ ಪೂರ್ಣಯ್ಯ ಕೊನೆಯವರೆಗೂ ಅವನ ಆಡಳಿತದ ಆಧಾರಸ್ತಂಭವಾಗಿದ್ದನು. ಹಾಗಾದರೆ ಕರಾವಳಿಯ ಸೆರೆಗೆ ಕೇವಲ ಮತದ್ವೇಷವನ್ನು ಕಾರಣವಾಗಿ ಹೇಳುವುದು ಸಾಲದು. ಸೋಲಿನ ಅವಮಾನ, ಗಡಿಯ ಭೀತಿ ಮತ್ತು ಹೊಣೆ ಹೊರಿಸಲು ಸುಲಭವಾಗಿ ಸಿಕ್ಕ ಸಣ್ಣ ಸಮುದಾಯ ಇವು ಕೂಡಿದಾಗ ಈ ಅನಾಹುತವಾಯಿತು. ಕೊಡಗಿನಲ್ಲಿ, ಮಲಬಾರಿನಲ್ಲಿ ದಂಗೆಗಳೆದ್ದಾಗಲೂ ಜನರನ್ನು ಹಿಂಡುಹಿಂಡಾಗಿ ಹಿಡಿದೊಯ್ಯುವ ಕ್ರಮ ಮುಂದುವರಿಯಿತು.

ಯುರೋಪಿನ ಹಳೆಯ ಪಾಠ

ಈ ರೀತಿ ಲೋಕಕ್ಕೆ ಹೊಸದಾಗಿರಲಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಯಹೂದಿಗಳು ಇದನ್ನು ಶತಮಾನಗಳ ಕಾಲ ಅನುಭವಿಸಿದರು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಅವರನ್ನು ದೇಶದಿಂದಲೇ ಹೊರಹಾಕಿದನು. 1348-49ರಲ್ಲಿ ಮಹಾಮಾರಿ ಪ್ಲೇಗ್ ಹರಡಿದಾಗ ಬಾವಿಗಳಿಗೆ ವಿಷ ಬೆರೆಸಿದವರು ಯಹೂದಿಗಳೆಂಬ ಸುಳ್ಳು ಊರೂರು ಸುತ್ತಿತು. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಯಹೂದಿಗಳನ್ನು ಸುಡಲಾಯಿತು. ಆಗ ಆ ಪಟ್ಟಣಕ್ಕೆ ಪ್ಲೇಗ್ ಇನ್ನೂ ಕಾಲಿಟ್ಟಿರಲಿಲ್ಲ. ಅವರಿಗೆ ಸಲ್ಲಬೇಕಿದ್ದ ಸಾಲಗಳು ಮಾತ್ರ ಅಳಿಸಿಹೋದವು. ಯಹೂದಿಗಳೂ ಪ್ಲೇಗಿಗೆ ಬಲಿಯಾಗುತ್ತಿದ್ದಾರೆಂದು ಪೋಪ್ ಆರನೆಯ ಕ್ಲೆಮೆಂಟ್ ತಿಳಿಹೇಳಿದರೂ ಉದ್ರಿಕ್ತ ಜನ ಕೇಳಲಿಲ್ಲ. 1492ರಲ್ಲಿ ಸ್ಪೇನ್ ಕೂಡ ಅವರನ್ನು ಹೊರದೂಡಿತು.

ಭಯ, ವದಂತಿ, ಆಸ್ತಿಯ ಆಸೆ, ವಿಚಾರಣೆಯಿಲ್ಲದ ದಂಡನೆ: ಎರಡು ಕಡೆಯೂ ಇದೇ ಸರಣಿ ಕಾಣುತ್ತದೆ. ನಮ್ಮ ಗಾದೆ ಇದನ್ನೇ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತದೆ.

ಸುಲ್ತಾನನ ಮನೆಗೂ ತಟ್ಟಿದ ಬಿಸಿ

1791ರಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಜೊತೆಗೆ ಟಿಪ್ಪುವಿನ ಹುಟ್ಟೂರು ದೇವನಹಳ್ಳಿಯ ಕೋಟೆಯನ್ನೂ ವಶಪಡಿಸಿಕೊಂಡಿತು. ಮರುವರ್ಷದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಪುತ್ರರನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಕಾದಾಡುತ್ತಲೇ ಮಡಿದನು. ಆಗ ಅವನಿಗೆ 48 ವರ್ಷ.

ಅವನ ಕುಟುಂಬವನ್ನು ಇಂಗ್ಲಿಷರು ವೆಲ್ಲೂರಿಗೆ ಸಾಗಿಸಿದರು. 1806ರ ಜುಲೈನಲ್ಲಿ ಅಲ್ಲಿಯ ಸಿಪಾಯಿಗಳು ದಂಗೆಯೆದ್ದಾಗ ಅನುಮಾನ ಸುಲ್ತಾನನ ಮನೆತನದ ಮೇಲೆ ಬಿತ್ತು. ಹೆಂಗಸರು, ಮಕ್ಕಳೆನ್ನದೆ ಇಡೀ ಕುಟುಂಬವನ್ನು ದೂರದ ಕಲ್ಕತ್ತೆಗೆ ಕಳುಹಿಸಲಾಯಿತು. ತಂದೆ ಕರಾವಳಿಯವರಿಗೆ ವಿಧಿಸಿದ ನ್ಯಾಯದ ಒಂದು ತುಣುಕು ಅವನ ಮಕ್ಕಳು ಮೊಮ್ಮಕ್ಕಳಿಗೂ ಬಂದು ತಲುಪಿತು.

ಇತ್ತ ಬದುಕುಳಿದ ಕ್ರೈಸ್ತರು 15 ವರ್ಷಗಳ ಬಳಿಕ ಘಟ್ಟವಿಳಿದು ಊರಿಗೆ ಮರಳಿದರು. ಹೋದವರಲ್ಲಿ ಹಿಂದಿರುಗಿದವರು ಒಂದು ಪಾಲು ಮಾತ್ರ. ಕೆಡವಿದ ಚರ್ಚುಗಳನ್ನು ಒಂದೊಂದಾಗಿ ಮತ್ತೆ ಕಟ್ಟಿಕೊಂಡರು. ಶ್ರೀರಂಗಪಟ್ಟಣದಲ್ಲಿ ಚದುರಿಹೋಗಿದ್ದವರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಶ್ರಮಿಸಿದನು.

ಇಂದಿಗೂ ಮುಗಿಯದ ಕಥೆ

1942ರಲ್ಲಿ ಅಮೆರಿಕ ಸುಮಾರು 1 ಲಕ್ಷ 20 ಸಾವಿರ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿತು. 1988ರಲ್ಲಿ ಅದಕ್ಕಾಗಿ ಕ್ಷಮೆ ಯಾಚಿಸಿತು. 1962ರ ಯುದ್ಧದ ಸಮಯದಲ್ಲಿ ಭಾರತವೂ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿಯಲ್ಲಿ ಕೂಡಿಹಾಕಿತು. 2020ರಲ್ಲಿ ಕೊರೊನಾ ಹರಡಿದ ಹೊಣೆಯನ್ನು ಒಂದು ಸಮುದಾಯದ ತಲೆಗೆ ಕಟ್ಟುವ ಯತ್ನ ನಡೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿ ಜಮಾತಿನ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಆರಿಸಿಕೊಂಡಿರುವ ಸಂಭವವಿದೆಯೆಂದು ಅಭಿಪ್ರಾಯಪಟ್ಟಿತು.

ಟಿಪ್ಪುವಿನ ಹೆಸರೇ ಈ ಸುಳಿಗೆ ಸಿಲುಕಿದೆ. ರಾಜ್ಯ ಸರ್ಕಾರ 2015ರಲ್ಲಿ ಆರಂಭಿಸಿದ ಟಿಪ್ಪು ಜಯಂತಿ ಮಡಿಕೇರಿಯಲ್ಲಿ ಸಾವುನೋವಿಗೆ ಎಡೆಯಾಯಿತು. 2019ರಲ್ಲಿ ಮುಂದಿನ ಸರ್ಕಾರ ಅದನ್ನು ಕೈಬಿಟ್ಟಿತು. ಅವನನ್ನು ಹೊಗಳುವ ಭರದಲ್ಲಿ ಕರಾವಳಿ, ಕೊಡಗುಗಳ ನೋವನ್ನು ಅಲ್ಲಗಳೆಯುವುದು ಅನ್ಯಾಯ. ಅವನ ಕೃತ್ಯಕ್ಕೆ ಇಂದಿನ ಮುಸ್ಲಿಮರನ್ನು ಹೊಣೆಯಾಗಿಸುವುದೂ ಅಷ್ಟೇ ಅನ್ಯಾಯ. ಹಾಗೆ ಮಾಡುವವರು 1784ರಲ್ಲಿ ಸುಲ್ತಾನನು ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಾರೆ. ದೇವನಹಳ್ಳಿಯ ಮಂಟಪದ ಮುಂದೆ ನಿಲ್ಲುವವರು ಅವನ ಪರಾಕ್ರಮದ ಜೊತೆಗೆ ಈ ಎಚ್ಚರಿಕೆಯನ್ನೂ ನೆನೆಯುವುದು ಒಳಿತು.