ಪತ್ನಿಯ ಸವಾಲಿಗೆ ಕಾದಂಬರಿಕಾರನಾದ ನಾವಿಕ: ಮೊಹಿಕನ್ನರ ಕಥೆ ಬರೆದ ಫೆನಿಮೋರ್ ಕೂಪರ್

ಮಕ್ಕಳಿಗಾಗಿ ಸಂಕ್ಷೇಪಿಸಿದ ಇಂಗ್ಲಿಷ್ ಸಾಹಸ ಕಾದಂಬರಿಗಳಲ್ಲಿ 'ದ ಲಾಸ್ಟ್ ಆಫ್ ದ ಮೊಹಿಕನ್ಸ್' ಚಿರಪರಿಚಿತ ಹೆಸರು. ಅದನ್ನು ಬರೆದ ಅಮೆರಿಕದ ಜೇಮ್ಸ್ ಫೆನಿಮೋರ್ ಕೂಪರ್ ಮೂವತ್ತು ವರ್ಷ ತುಂಬುವವರೆಗೂ ಒಂದೇ ಒಂದು ಕಾದಂಬರಿ ಪ್ರಕಟಿಸಿರಲಿಲ್ಲ.

ಕೂಪರ್ ಹುಟ್ಟಿದ್ದು 1789ರ ಸೆಪ್ಟೆಂಬರ್ 15ರಂದು, ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ. ಮರುವರ್ಷವೇ ಕುಟುಂಬ ನ್ಯೂಯಾರ್ಕ್ ರಾಜ್ಯದ ಒಟ್ಸೆಗೊ ಸರೋವರದ ದಡಕ್ಕೆ ಬಂತು. ಅಲ್ಲಿನ ಕಾಡಿನ ನಡುವೆ ತಂದೆ ವಿಲಿಯಂ ಕಟ್ಟಿದ ಊರೇ ಕೂಪರ್ಸ್‌ಟೌನ್. 13ನೇ ವಯಸ್ಸಿಗೆ ಯೇಲ್ ಕಾಲೇಜು ಸೇರಿದ ಹುಡುಗ, ತುಂಟಾಟದಿಂದಾಗಿ ಪದವಿ ಮುಗಿಸುವ ಮೊದಲೇ ಹೊರಬಿದ್ದ. ಬಳಿಕ ವ್ಯಾಪಾರಿ ಹಡಗಿನಲ್ಲಿ, ಆಮೇಲೆ ನೌಕಾಪಡೆಯಲ್ಲಿ ದುಡಿದು, 1811ರಲ್ಲಿ ಸೂಸನ್ ಡಿಲ್ಯಾನ್ಸಿ ಅವರನ್ನು ಮದುವೆಯಾದರು.

ಒಂದು ದಿನ ಇಂಗ್ಲಿಷ್ ಕಾದಂಬರಿಯೊಂದನ್ನು ಓದುತ್ತಿದ್ದ ಕೂಪರ್, ಇದಕ್ಕಿಂತ ಚೆನ್ನಾಗಿ ತಾನೇ ಬರೆಯಬಲ್ಲೆ ಎಂದರಂತೆ. ಹಾಗಾದರೆ ಬರೆದು ತೋರಿಸಿ ಎಂದು ಪತ್ನಿ ಸವಾಲು ಹಾಕಿದರು. 1820ರಲ್ಲಿ ಬಂದ ಮೊದಲ ಕೃತಿ 'ಪ್ರಿಕಾಷನ್' ಹೆಸರು ಮಾಡಲಿಲ್ಲ. ಮರುವರ್ಷದ 'ದ ಸ್ಪೈ' ಭರ್ಜರಿ ಯಶಸ್ಸು ಕಂಡಿತು. 1823ರ 'ದ ಪಯನಿಯರ್ಸ್' ಕಾದಂಬರಿ ಕಾಡಿನ ಬೇಟೆಗಾರ ನ್ಯಾಟಿ ಬಂಪೊನನ್ನು ಓದುಗರಿಗೆ ಪರಿಚಯಿಸಿತು.

1824ರಲ್ಲಿ ಇಂಗ್ಲೆಂಡಿನ ಗೆಳೆಯರೊಂದಿಗೆ ಗ್ಲೆನ್ಸ್ ಫಾಲ್ಸ್ ಜಲಪಾತಕ್ಕೆ ಹೋದಾಗ ಕಂಡ ಗುಹೆಗಳೇ ಎರಡು ವರ್ಷಗಳ ನಂತರ ಪ್ರಕಟವಾದ 'ಮೊಹಿಕನ್ಸ್'ನಲ್ಲಿ ಅಡಗುತಾಣವಾದವು. 1757ರಲ್ಲಿ ಬ್ರಿಟಿಷರು ಮತ್ತು ಫ್ರೆಂಚರ ನಡುವೆ ನಡೆದ ಫೋರ್ಟ್ ವಿಲಿಯಂ ಹೆನ್ರಿ ಮುತ್ತಿಗೆ ಅದರ ಹಿನ್ನೆಲೆ. ನ್ಯಾಟಿ, ಅವನ ಮೊಹಿಕನ್ ಸ್ನೇಹಿತ ಚಿಂಗಾಚ್‌ಗುಕ್, ಸ್ನೇಹಿತನ ಮಗ ಉಂಕಾಸ್ ಸೇರಿ ಸೇನಾಧಿಕಾರಿಯ ಇಬ್ಬರು ಹೆಣ್ಣುಮಕ್ಕಳನ್ನು ಕಾಪಾಡಲು ಹೊರಡುವುದೇ ಕಥೆ.

ಅದೇ ವರ್ಷ ಯುರೋಪಿಗೆ ಹೋದ ಕೂಪರ್ ಏಳು ವರ್ಷ ಅಲ್ಲೇ ಇದ್ದರು. ಮರಳಿದ ಮೇಲೆ ಪತ್ರಿಕೆಗಳ ವಿರುದ್ಧ ಮಾನಹಾನಿ ಮೊಕದ್ದಮೆ ಹೂಡಿ, ಹಲವನ್ನು ಗೆದ್ದರು, ಜನಪ್ರೀತಿ ಕಳೆದುಕೊಂಡರು. 1851ರ ಸೆಪ್ಟೆಂಬರ್ 14ರಂದು, 62 ತುಂಬಲು ಒಂದೇ ದಿನ ಇರುವಾಗ, ಕೂಪರ್ಸ್‌ಟೌನ್‌ನಲ್ಲಿ ನಿಧನರಾದರು.

1895ರಲ್ಲಿ ಮಾರ್ಕ್ ಟ್ವೈನ್ ಅವರ ಬರವಣಿಗೆಯನ್ನು ಹಿಗ್ಗಾಮುಗ್ಗಾ ಗೇಲಿ ಮಾಡಿದರು. ಆದರೂ ಪುಸ್ತಕ ಉಳಿಯಿತು. ಉದ್ದುದ್ದ ವರ್ಣನೆಗಳಿಗೆ ಕತ್ತರಿ ಹಾಕಿ, ಬೆನ್ನಟ್ಟುವಿಕೆ, ಗುಹೆ, ಕೋಟೆಯ ಕಾಳಗವನ್ನಷ್ಟೇ ಉಳಿಸಿಕೊಂಡ ಮಕ್ಕಳ ಆವೃತ್ತಿಗಳು ಬಂದವು. 1942ರಲ್ಲಿ ಕಾಮಿಕ್ಸ್ ಕೂಡ ಬಂತು.

ಕತ್ತರಿ ಮುಟ್ಟದೆ ಉಳಿದದ್ದು ಶೀರ್ಷಿಕೆಯಲ್ಲಿರುವ 'ಕೊನೆಯ' ಎಂಬ ಮಾತು. ಮೂಲನಿವಾಸಿಗಳ ಬಗ್ಗೆ ಕೂಪರ್ ತಿಳಿದುಕೊಂಡದ್ದು ಬಹುಪಾಲು ಪುಸ್ತಕಗಳಿಂದ. ಉಂಕಾಸ್ ಎಂಬುದು ವಾಸ್ತವದಲ್ಲಿ ಮೊಹೆಗನ್ ಎಂಬ ಬೇರೆಯೇ ಬುಡಕಟ್ಟಿನ ನಾಯಕನ ಹೆಸರು. ಮೊಹಿಕನ್ನರೂ ಅಳಿದಿರಲಿಲ್ಲ. ಹಡ್ಸನ್ ಕಣಿವೆಯ ತಮ್ಮ ನೆಲ ಕಳೆದುಕೊಂಡ ಅವರು, ಕೂಪರ್ ಬರೆಯುತ್ತಿದ್ದ ಕಾಲದಲ್ಲೇ ನ್ಯೂಯಾರ್ಕ್ ರಾಜ್ಯ ಬಿಟ್ಟು ಪಶ್ಚಿಮಕ್ಕೆ ಗುಳೆ ಹೋಗುತ್ತಿದ್ದರು. ಅವರ ವಂಶಸ್ಥರು ಸ್ಟಾಕ್‌ಬ್ರಿಡ್ಜ್-ಮನ್ಸಿ ಸಮುದಾಯವಾಗಿ ಇಂದಿಗೂ ವಿಸ್ಕಾನ್ಸಿನ್‌ನಲ್ಲಿ ಬದುಕುತ್ತಿದ್ದಾರೆ.