ಧೋಂಡಿಯಾ ವಾಘನ ನಿಧಿ ಹುಡುಕಲು ಹೋಗಿ

ಹಿರಿಯಡ್ಕದಿಂದ ಚನ್ನಗಿರಿಗೆ ದಾರಿ ಕಷ್ಟವಿಲ್ಲ. ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ದಾಟಿದ್ರೆ ಆಯ್ತು. ಕಳೆದ ಸೆಮ್ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋದದ್ದು ನಿಧಿ ಹುಡುಕಲಿಕ್ಕೆ. ನಗಬೇಡಿ. ನಮ್ಮ ಕ್ಲಾಸಿನ ಒಬ್ಬ ಆ ಕಡೆಯವನು. ಮನೆಯ ಅಡಿಕೆ ತೋಟದ ಬೋರ್‌ವೆಲ್ ಬತ್ತಿ ಅವನ ಫೀಸು ಬಾಕಿ ಉಳಿದಿತ್ತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಕೊಳ್ಳೆ ಹೊಡೆದದ್ದನ್ನು ಹುಟ್ಟೂರಿನ ಗುಡ್ಡದಲ್ಲೇ ಹೂತಿಟ್ಟಿರ್ಬೇಕು ಅನ್ನೋದು ಅವನ ಥಿಯರಿ. ಮಿನಿ ಪ್ರಾಜೆಕ್ಟಿಗೆ ಮಾಡಿದ ಮೆಟಲ್ ಡಿಟೆಕ್ಟರ್ ಹೇಗೂ ನಮ್ಮ ಹತ್ತಿರ ಇತ್ತು. ತಮಾಷೆ ಅಂದುಕೊಂಡೇ ಹೊರಟೆವು. ಬಸ್ಸಲ್ಲಿ ಅವನ ಮುಖ ನೋಡಿದ ಮೇಲೆ ಗೊತ್ತಾಯ್ತು, ತಮಾಷೆ ಅರ್ಧ ಮಾತ್ರ.

ವಾಘ್ ಅಂದ್ರೆ ಮರಾಠಿಯಲ್ಲಿ ಹುಲಿ. ಧೋಂಡಿಯಾ ಪವಾರ್ ಮನೆತನದ ಮರಾಠ, ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರನಾಗಿ ಶುರು ಮಾಡಿದವನು. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ, ಆ ಗಲಾಟೆಯಲ್ಲಿ ಸಿಕ್ಕಿದ್ದನ್ನು ಬಾಚಿಕೊಂಡು ಕೆಲವು ಸವಾರರ ಜೊತೆ ಲಕ್ಷ್ಮೇಶ್ವರದ ಕಡೆ ಓಡಿಹೋದ. ಎರಡು ವರ್ಷ ಧಾರವಾಡ, ಹಾವೇರಿ, ಸವಣೂರು ಸೀಮೆಯಲ್ಲಿ ಅವನದೇ ಹಾವಳಿ. ಮರಾಠರ ಸರದಾರ ಧೋಂಡೋಪಂತ ಗೋಖಲೆ ಬೆನ್ನು ಹತ್ತಿದಾಗ, 1794ರಲ್ಲಿ ವಾಪಸ್ ಟಿಪ್ಪುವಿನ ಹತ್ತಿರ ಬಂದ. ಮುಸ್ಲಿಮನಾಗಿ ಮಲಿಕ್ ಜಹಾನ್ ಖಾನ್ ಅಂತ ಹೆಸರು ಪಡೆದ. ಆಮೇಲೆ ಟಿಪ್ಪುವೇ ಅವನನ್ನು ಜೈಲಿಗೆ ಹಾಕಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಜೈಲಿನ ಬಾಗಿಲು ತೆರೆದದ್ದೇ ಧೋಂಡಿಯಾನಿಗೆ ಸಿಕ್ಕಿದ ಚಾನ್ಸ್. ಕೆಲಸ ಕಳ್ಕೊಂಡ ಟಿಪ್ಪುವಿನ ಸವಾರರನ್ನು ಕಟ್ಟಿಕೊಂಡು ಬಿದನೂರು ಸೀಮೆಗೆ ನುಗ್ಗಿದ. ನಮ್ಮ ಘಾಟಿ ಹತ್ತಿದ್ರೆ ಸಿಗುವ ನಗರವೇ ಆ ಬಿದನೂರು. ಉಭಯಲೋಕಾಧೀಶ್ವರ ಅಂತ ತನಗೆ ತಾನೇ ಬಿರುದು ಕೊಟ್ಟುಕೊಂಡ. ಒಂದು ಲೋಕ ಸಾಲ್ಲಿಲ್ಲ ಮಾರಾಯನಿಗೆ!

ಗುಡ್ಡದ ಮೇಲೆ ರಂಗನಾಥನ ದೇವಸ್ಥಾನದ ಹತ್ತಿರ ಕೂತು, ಫೋನಲ್ಲಿ ಇಳಿಸಿಕೊಂಡ ಹಳೇ ಪುಸ್ತಕಗಳ ಪಿಡಿಎಫ್ ನೋಡ್ತಾ ನಾವು ಲೆಕ್ಕ ಹಾಕಿದ್ದು ಇದನ್ನೇ: ಇವನ ಹತ್ತಿರ ದುಡ್ಡು ಇದ್ದದ್ದು ಯಾವಾಗ? 1799ರ ಆಗಸ್ಟಿನಲ್ಲಿ ಶಿಕಾರಿಪುರದಲ್ಲಿ ಇಂಗ್ಲಿಷರಿಂದ ಸೋತು ಮರಾಠರ ಸೀಮೆಗೆ ದಾಟಿದ. ಅಲ್ಲಿ ಗೋಖಲೆಯೇ ಅವನ ಬಿಡಾರ ಲೂಟಿ ಮಾಡಿದ. ಗೋಖಲೆಯ ರಕ್ತದಲ್ಲಿ ಮೀಸೆಗೆ ಬಣ್ಣ ಹಚ್ತೇನೆ ಅಂತ ಇವನು ಪಣ ತೊಟ್ಟನಂತೆ. 1800ರ ಜೂನ್ 30ರಂದು ಗೋಖಲೆಯನ್ನು ಕೊಂದೂ ಬಿಟ್ಟ.

ಅಷ್ಟೊತ್ತಿಗೆ ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆ ದಾಟಿ ಹಿಂದೆ ಬಿದ್ದಿದ್ದ. ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್ ಇದ್ದಾನಲ್ಲ, ಅವನೇ. ಬಟೇವಿಯಾದ ದಂಡಯಾತ್ರೆಗೆ ಬಂದ ಕರೆಯನ್ನು ಬಿಟ್ಟು ಇವನ ಬೆನ್ನು ಹತ್ತಿದ್ದ ಅಂದ್ರೆ ನೋಡಿ. ಜುಲೈಯಲ್ಲಿ ಡಂಬಳದ ಕೋಟೆ ಹೋಯ್ತು. ತಿಂಗಳ ಕೊನೆಗೆ ಮುನವಳ್ಳಿ ಹತ್ತಿರ ಮಲಪ್ರಭೆಯ ದಡದಲ್ಲಿದ್ದ ಬಿಡಾರವೂ ಹೋಯ್ತು. ಎಷ್ಟೋ ಜನ ತುಂಬಿದ ಹೊಳೆಗೆ ಬಿದ್ದು ಮುಳುಗಿದರು.

ಹೂತಿಡಲಿಕ್ಕೆ ಅವನಿಗೆ ಪುರುಸೊತ್ತು ಎಲ್ಲಿತ್ತು? ಇದ್ದಬದ್ದದ್ದೆಲ್ಲ ಬಿಡಾರದ ಜೊತೆ ನಡೀತಿತ್ತು, ಅದರಲ್ಲೇ ಸಾವಿರಾರು ಸವಾರರ ಹೊಟ್ಟೆ ತುಂಬಬೇಕಿತ್ತು. ಚನ್ನಗಿರಿಗೆ ಬಂದು ಗುಂಡಿ ತೋಡುವ ದಿನ ಈ ಟೈಮ್‌ಲೈನಿನಲ್ಲಿ ನಮಗೆ ಸಿಗ್ಲೇ ಇಲ್ಲ. ನಮ್ಮವನು ಫೋನ್ ಕಸಿದುಕೊಂಡು ಮತ್ತೊಮ್ಮೆ ತಾನೇ ಲೆಕ್ಕ ಹಾಕಿದ.

ಕೊನೆ ಆದದ್ದು ರಾಯಚೂರು ಕಡೆಯ ಕೋನಗಲ್ಲಿನಲ್ಲಿ, 1800ರ ಸೆಪ್ಟೆಂಬರ್ 10. ಇವನ ಹತ್ತಿರ ಸುಮಾರು 5,000 ಸವಾರರು. ವೆಲ್ಲೆಸ್ಲಿಯ ಹತ್ತಿರ ನಾಲ್ಕೇ ರೆಜಿಮೆಂಟ್ ಕುದುರೆಪಡೆ, ಕಾಲಾಳುಗಳು ಇನ್ನೂ ಹಿಂದೆ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯಾ ಸತ್ತ. ಹೆಣವನ್ನು ಫಿರಂಗಿಗೆ ಕಟ್ಟಿ ಬಿಡಾರಕ್ಕೆ ತಂದರು.

ಆಮೇಲೆ ಅವನ ಸಾಮಾನು ಸರಂಜಾಮಿನ ನಡುವೆ ಒಂದು ಮಗು ಸಿಕ್ಕಿತು. ಹೆಸರು ಸಲಾಬತ್ ಖಾನ್, ನಾಲ್ಕು ವರ್ಷ ಇರ್ಬಹುದು, ಧೋಂಡಿಯಾನ ದತ್ತು ಮಗ. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಡೇರೆಗೆ ಕರೆದುಕೊಂಡು ಹೋಗಿ ಸಾಕಿದ. 1805ರಲ್ಲಿ ಇಂಡಿಯಾ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಸೇವೆಗೆ ಸೇರಿದ, 1822ರಲ್ಲಿ ಕಾಲರಾದಿಂದ ಸತ್ತ. ವೆಲ್ಲೆಸ್ಲಿ ಮೇಲೆ ನನಗೆ ಪ್ರೀತಿ ಏನಿಲ್ಲ, ಆದ್ರೆ ಇದೊಂದು ವಿಷಯ ಮರೆಯಲಿಕ್ಕೆ ಆಗಲ್ಲ.

ನಮ್ಮ ಡಿಟೆಕ್ಟರ್ ಗುಡ್ಡದ ಮೇಲೆ ಮೂರು ಸಲ ಕೂಗಿತು. ಎರಡು ಸೋಡಾ ಬಾಟಲಿಯ ಮುಚ್ಚಳ, ಒಂದು ಬೆಲ್ಟಿನ ಬಕಲ್. ಎಲ್ಲ ಮಣ್ಣಿನ ಮೇಲೇ ಬಿದ್ದಿದ್ದವು. ಅಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕಾಯ್ದೆ ಪ್ರಕಾರ ನಿಧಿ ಸಿಕ್ಕಿದ್ರೂ ಸರ್ಕಾರಕ್ಕೆ ತಿಳಿಸಬೇಕು ಅಂತ ಆಮೇಲೆ ಓದಿದೆ.

ರಾತ್ರಿ ಗೆಳೆಯನ ಮನೆಯಲ್ಲೇ ಊಟ. ಫೀಸಿಗೆ ಸೊಸೈಟಿಯಲ್ಲಿ ಸಾಲಕ್ಕೆ ಬರೆದಾಗಿದೆ ಅಂತ ಅವನಪ್ಪ ಬಡಿಸ್ತಾ ಹೇಳಿದರು. ಅವನು ತಲೆ ಎತ್ತದೆ ಊಟ ಮಾಡಿದ. ಮರುದಿನ ಆಗುಂಬೆ ಘಾಟಿ ಇಳಿಯುವಾಗ, ಆ ಹುಡುಗ ಸಲಾಬತ್‌ಗೆ ಅಪ್ಪನ ಮುಖ ನೆನಪಿದ್ದಿರಬಹುದಾ ಅಂತ ನನ್ನ ಹತ್ತಿರ ಕೇಳಿದ.